ಮುಟ್ಟಿ ಎಬ್ಬಿಸಿದವನು

ತಾನೇ ಬೀಸಿದ ಕಬ್ಬಿಣದ ಸರಳು ತಮ್ಮನ ಮೊಣಕೈಗೆ ಬಿದ್ದು ಲಟಕ್ಕೆಂದ ಸದ್ದಿಗೇ ಮುದುಕ ಬಡಗಿಗೆ ಪೂರ್ತಿ ಎಚ್ಚರವಾದದ್ದು. ಅಷ್ಟರಲ್ಲಿ ಕೈ ಎರಡನೇ ಏಟಿಗೆ ಎದ್ದಾಗಿತ್ತು. ಅದು ಹೆಗಲಿಗೆ ಬಿತ್ತು. ಮೇಲ್ಸೇತುವೆಯ ಕಂಬಕ್ಕೆ ಒರಗಿ ಕುಸಿದವನ ಮುಖವನ್ನು ಅವನು ಆಮೇಲೆ ನೋಡಿದ. ಅಪ್ಪನದೇ ಮೂಗು.

ಸೇತುವೆಯ ಕೆಳಗಿನ ಮುದುಕರು ನಿದ್ದೆ ಮಾಡುವುದು ಹಗಲಲ್ಲಿ. ಕತ್ತಲಾದ ಮೇಲೆ ಕುಡಿದು ಬೈಕಿನಲ್ಲಿ ಬರುವ ಪಡ್ಡೆಗಳಿಗೆ ಮಲಗಿದವನ ಪಕ್ಕೆಗೆ ಒದೆಯುವುದು ಒಂದು ಆಟ. ಹೋದ ಚಳಿಗಾಲ ಒಬ್ಬನ ಕಂಬಳಿಗೆ ಪೆಟ್ರೋಲ್ ಸುರಿದು ಕಡ್ಡಿ ಗೀರಿದರು. ಬೀಡಿಯ ಕಿಡಿಯಿಂದ ಸತ್ತ ಎಂದು ಪೇಪರಿನಲ್ಲಿ ಬಂತು. ಅಂದಿನಿಂದ ಇಲ್ಲಿ ಯಾರೂ ಯಾರನ್ನೂ ಮುಟ್ಟಿ ಎಬ್ಬಿಸುವುದಿಲ್ಲ. ದೂರ ನಿಂತು ಬೇಲಿಯ ಕಂಬಿ ಬಡಿದು ಸದ್ದು ಮಾಡಬೇಕು. ನಾಯಿಗಳಿಗೂ ಅದು ಗೊತ್ತು. ಇಸ್ತ್ರಿ ಅಂಗಿ ತೊಟ್ಟು, ಊರೆಲ್ಲ ಹುಡುಕಿಕೊಂಡು ಬಂದ ತಮ್ಮನಿಗೆ ಯಾರು ಹೇಳಬೇಕಿತ್ತು? ಅವನು ಬಗ್ಗಿ, ಮೆಲ್ಲಗೆ ಅಣ್ಣನ ಭುಜ ಅಲುಗಿಸಿದ್ದ.

ಟೈರ್ ಅಂಗಡಿಯವರು ಓಡಿಬಂದರು. ಒಳ್ಳೆ ಬಟ್ಟೆಯವನು ನೆಲದ ಮೇಲೆ, ಕೊಳಕನ ಕೈಯಲ್ಲಿ ಸರಳು. ಅವರಿಗೆ ಅಷ್ಟು ಸಾಕಿತ್ತು. ಬಡಗಿಯ ಬಾಯಿಗೆ ಗುದ್ದಿದರು, ಅವನು ಬಿದ್ದ ಮೇಲೆ ಹೊಟ್ಟೆ ತುಳಿದರು. ಅವನು ತಲೆ ಮುಚ್ಚಿಕೊಂಡ. ನಮ್ಮಣ್ಣ ಅವನು, ಬಿಡ್ರೋ ಎನ್ನುತ್ತ ತಮ್ಮ ಒಂದೇ ಕೈಯಲ್ಲಿ ಅವರನ್ನು ಎಳೆದ. ಒಬ್ಬ ಕೈ ಒರೆಸಿಕೊಂಡು ನಕ್ಕ.

"ಚೆನ್ನಾಗಿದಾನಪ್ಪ ನಿಮ್ಮಣ್ಣ. ಕರ್ಕೊಂಡೋಗಿ ಸಾಕ್ಕೋ."

ಜನ ಚದುರಿದರು. ಯಾರೋ ಆಟೋ ನಿಲ್ಲಿಸಿದರು. ತಮ್ಮನ ಕೈ ಮೊಣಕೈಯಿಂದ ಕೆಳಗೆ ಓರೆಯಾಗಿ ಜೋತಾಡುತ್ತಿತ್ತು. ಆದರೂ ಅವನು ಹೇಳಲು ಬಂದದ್ದನ್ನೇ ಹೇಳಿದ: ಅವತ್ತು ಅಣ್ಣನನ್ನು ಮನೆಯಿಂದ ಹೊರಗೆ ಹಾಕಿದ್ದು ತನ್ನದೇ ತಪ್ಪು, ಈಗ ಹಜಾರದಲ್ಲಿ ಮಂಚ ಹಾಕಿಸಿಯಾಗಿದೆ, ಆಸ್ಪತ್ರೆಗೆ ಹೋಗಿ ಹಾಗೇ ಮನೆಗೆ ಹೋಗೋಣ, ಆಟೋ ಹತ್ತು.

ಬಡಗಿ ರಕ್ತ ಉಗುಳಿದ. ಮನೆ ಎಂಬ ಮಾತಿಗೆ ಅವನ ಕಾಲು ತಾನಾಗಿಯೇ ಆಟೋದ ಕಡೆ ಒಂದು ಹೆಜ್ಜೆ ಇಟ್ಟಿತ್ತು.

"ಮೊಮ್ಮಕ್ಕಳಿದಾವೇನೋ?"

"ಒಬ್ಬಳಿದಾಳೆ, ಪುಟ್ಟವಳು. ದೊಡ್ಡ ತಾತ ಬರ್ತಾನೆ ಅಂತ ಕುಣೀತಿದಾಳೆ."

"ಬೆಳಿಗ್ಗೆ ನನ್ನ ಎಬ್ಬಿಸೋಕೆ ಅವಳೇ ತಾನೇ ಓಡಿ ಬರೋದು?"

ತಮ್ಮ ತನ್ನ ಮುರಿದ ಕೈ ನೋಡಿಕೊಂಡ.

ಬಡಗಿಯೇ ಅವನನ್ನು ಸೀಟಿನಲ್ಲಿ ಕೂರಿಸಿ, ಮುರಿದ ಕೈಯನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟ. ಆಟೋ ಹೋದ ಮೇಲೆ ಕಂಬದ ಬುಡದಲ್ಲಿ ತಮ್ಮನ ಒಂದು ಚಪ್ಪಲಿ ಉಳಿದಿತ್ತು. ಬಡಗಿ ಅದರ ಧೂಳು ಒರೆಸಿ, ರಸ್ತೆಗೆ ಮುಖ ಮಾಡಿ ನೆಟ್ಟಗೆ ಇಟ್ಟು, ಪಕ್ಕದಲ್ಲಿ ಕುಳಿತ.