ಮದ್ದಾಕವ್ನೆ

ಹೊಂಗೆಹುಂಡಿಗೆ ಟ್ಯಾಂಕಿನ ನೀರು ಬಿಡುವ ನೀರುಗಂಟಿ ಚಿಕ್ಕಮಾದುವಿಗೆ ಬಿದ್ದ ಮೊದಲ ಏಟು ಬೈಕಿನ ಚೈನಿನದು. ಅದು ಅವನ ಬೆನ್ನಿನ ಮೇಲೆ ಬೀಳುವ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಹೇಮಲತಾ, ಊರಾಚೆಯ ಲೈನ್ ಮನೆಗಳಲ್ಲಿ ಓಆರ್‌ಎಸ್ ಪೊಟ್ಟಣ ಹಂಚುತ್ತಾ, ತನ್ನ ವಾಯ್ಸ್ ಮೆಸೇಜು ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಅಂತ ಒಳಗೊಳಗೇ ಬೀಗುತ್ತಿದ್ದಳು.

ಲೈನ್ ಮನೆಗಳಲ್ಲಿ ಇರುವವರೆಲ್ಲ ನಂಜನಗೂಡಿನ ಫ್ಯಾಕ್ಟರಿಗಳಿಗೆ ದುಡಿಯಲು ಬಿಹಾರ, ಒಡಿಶಾ ಕಡೆಯಿಂದ ಬಂದವರು. ಕನ್ನಡ ಅಂದರೆ ‘ಊಟ ಆಯ್ತಾ’ ಅನ್ನುವಷ್ಟೇ. ಅವರಿಗೆಂದೇ ಹೇಮಲತಾ ಸೀರಿಯಲ್ ನೋಡಿ ಕಲಿತ ಹಿಂದಿಯಲ್ಲಿ ‘ಪಾನೀ ಮೇ ದವಾಯಿ ಡಾಲಾ ಹೈ, ಶಾಮ್ ತಕ್ ಮತ್ ಪೀನಾ’, ನೀರಿಗೆ ಔಷಧಿ ಹಾಕಿದೆ, ಸಂಜೆವರೆಗೆ ಕುಡಿಯಬೇಡಿ, ಅಂತ ಹೇಳಿ ಕಳಿಸಿದ್ದಳು. ಅಲ್ಲಿ ಒಂದೊಂದು ಬಾಗಿಲಲ್ಲೂ ಖಾಲಿ ಬಿಂದಿಗೆ ಕವುಚಿಟ್ಟು, ಟ್ಯಾಂಕರ್ ದಾರಿ ಕಾಯುತ್ತಾ ಕೂತಿದ್ದರು. ತಪ್ಪು ತಿಳಿದವರು ಒಬ್ಬರೂ ಇಲ್ಲ. ತಪ್ಪು ತಿಳಿದವರೆಲ್ಲ ಕನ್ನಡ ಬಲ್ಲವರೇ.

ಆದದ್ದು ಇಷ್ಟು. ಚರಂಡಿಯೊಳಗೆ ಹಾದುಹೋಗಿದ್ದ ಪೈಪು ಒಡೆದು ಊರಿಗೆ ವಾಂತಿಭೇದಿ ಹತ್ತಿತ್ತು. ಆಸ್ಪತ್ರೆಯ ಡಾಕ್ಟರ್ ಚೈತ್ರ ಬೆಳಗ್ಗೆಯೇ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಊರಿನ ‘ಆರೋಗ್ಯ ಅಪ್ಡೇಟ್’ ಗ್ರೂಪಿಗೆ ಹಾಕಲು ಹೇಮಲತಾಳಿಗೆ ಒಂದು ಮೆಸೇಜು ಕಳಿಸಿದ್ದರು. ‘ಮೇಲ್ಮಟ್ಟದ ಜಲಸಂಗ್ರಹಾಗಾರದ ನೀರನ್ನು ಅಧಿಕ ಪ್ರಮಾಣದಲ್ಲಿ ಕ್ಲೋರಿನೀಕರಣಗೊಳಿಸಲಾಗಿರುವುದರಿಂದ’ ಅಂತ ಶುರುವಾಗಿ, ಮುಗಿಯುವ ಲಕ್ಷಣವೇ ಇಲ್ಲದ ಮೆಸೇಜು.

‘ಇದ್ನ ಓದಿ ಮುಗಿಸೋದ್ರೊಳ್ಗೆ ಜನ ಇನ್ನೊಂದ್ ಸಲ ಬೇದಿಗೋಗ್ ಬತ್ತಾರೆ ಮೇಡಂ’ ಅಂದಳು ಹೇಮಲತಾ.

‘ನಿಮ್ಮ ಭಾಷೇಲೇ ಹೇಳಿ ಹಾಕ್ರೀ ಮತ್ತೆ’ ಅಂತ ಚೈತ್ರ ನಕ್ಕಿದ್ದರು.

ಹಾಕಿದಳು. ‘ಅಕ್ಕಂದ್ರಾ, ಅಣ್ಣಂದ್ರಾ, ಕೇಳುಸ್ಕಳಿ. ನಮ್ ಟ್ಯಾಂಕ್ ನೀರ್ಗೆ ಚಿಕ್ಕಮಾದಣ್ಣ ಮದ್ದಾಕವ್ನೆ. ಸಂದೆಗಂಟ ಯಾರೂ ಕುಡೀಬ್ಯಾಡಿ. ಮಕ್ಳ ಬಾಯ್ಗಂತೂ ಒಂದ್ ತೊಟ್ಟೂ ಓಗ್ಬಾರ್ದು. ಟ್ಯಾಂಕರ್ ಬತ್ತದೆ, ಅದ್ರಲ್ಲಿ ಇಡ್ಕಳಿ.’

ವರ್ಷಾವರ್ಷ ಮನೆಮನೆಗೆ ಹೋಗಿ ‘ಮಗೀಗೆ ಪೋಲಿಯೋ ಮದ್ದಾಕ್ಸಿ’ ಅಂತ ಕೂಗುವ ನಾಲಿಗೆ ಅವಳದು. ಅವಳ ಬಾಯಲ್ಲಿ ಮದ್ದು ಅಂದರೆ ಮಗುವಿನ ನಾಲಿಗೆಯ ಮೇಲಿನ ಹನಿ. ಆದರೆ ಆ ಸೀಮೆಯಲ್ಲಿ ‘ಇಂಥೋನು ಮದ್ದಾಕವ್ನೆ’ ಅಂತ ಹೆಸರು ಸೇರಿಸಿ ಹೇಳಿದರೆ ಅದು ಬೇರೆಯದೇ ಮಾತು. ಆಗದವರು ಅನ್ನದಲ್ಲೋ ಬಾಳೆಹಣ್ಣಿನಲ್ಲೋ ಇಟ್ಟು ಕೊಡುವುದೂ ಮದ್ದೇ. ಅದು ಹೊಟ್ಟೆಯಲ್ಲಿ ಕೂತು ಆಳನ್ನು ಸವೆಸುತ್ತದೆ, ವಾಂತಿ ಮಾಡಿಸಿಯೇ ಅದನ್ನು ತೆಗೆಸಬೇಕು ಅಂತ ನಂಬಿಕೆ. ಊರಿಗೆ ಊರೇ ವಾಂತಿ ಮಾಡಿಕೊಂಡು ಮಲಗಿರುವಾಗ ಈ ಮಾತು ಫೋನಿನಿಂದ ಹೊರಬಿತ್ತು.

ಅಂಗಡಿ ಚಿಕ್ಕಬಸಮ್ಮ ಅದನ್ನು ಜೋರು ಸೌಂಡಿನಲ್ಲಿ ಹಾಕಿದಳು. ‘ಮದ್ದಾಕವ್ನೆ, ಕುಡೀಬ್ಯಾಡಿ’ ಅನ್ನುವವರೆಗೆ ಕೇಳಿ, ಎದೆ ಬಡಿದುಕೊಂಡು, ಮತ್ತೆ ಮೊದಲಿಂದ ಹಾಕಿದಳು. ಟ್ಯಾಂಕರ್ ಸುದ್ದಿಯವರೆಗೆ ಯಾರೂ ಹೋಗಲೇ ಇಲ್ಲ.

‘ನಾನ್ ಯೋಳ್ನಿಲ್ವಾ? ಬರೀ ನೀರ್ಗೆ ಇಂಗ್ ವಾಂತಿ ಆದದಾ? ಮದ್ದೇ ಕಣ್ರಪ್ಪಾ ಇದು!’

ಅಂಗಡಿ ಮುಂದೆ ಮಹೇಂದ್ರ ನಿಂತಿದ್ದ. ಅವನ ಮಗಳು ಲಿಖಿತಾ ನಂಜನಗೂಡಿನ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದ್ದಳು. ಬಟ್ಟೆ ಒಯ್ಯಲು ಅಂತ ಬಂದವನು. ಬೈಕಿನ ಡಬ್ಬಿಯಿಂದ ಹಳೇ ಚೈನು ಎಳೆದು ಅಂಗೈಗೆ ಸುತ್ತಿಕೊಂಡ. ಅವನ ಹಿಂದೆ ಬೀದಿಯೇ ಎದ್ದಿತು.

ಲೈನ್ ಮನೆಯಲ್ಲಿ ಹೇಮಲತಾಳ ಫೋನು ಹೊಡೆದುಕೊಂಡಿತು. ಚಿಕ್ಕಮಾದುವಿನ ಹೆಂಡತಿ ಶಿವನಂಜಮ್ಮ.

‘ಏನವ್ವಾ ಅಂದ್‌ಬುಟ್ಟೆ ನೀನು? ನನ್ ಗಂಡ ಮದ್ದಾಕ್ದ ಅಂದ್ಯಂತೆ? ಟ್ಯಾಂಕ್ ತಾವ ಸಾಯ್ಸ್ತಾವ್ರೆ ಕಣವ್ವಾ, ಬಾರವ್ವಾ!’

ಹೇಮಲತಾಳಿಗೆ ತಾನಂದ ಮಾತು ಆಗ ತನ್ನ ಕಿವಿಗೇ ಕೇಳಿಸಿತು. ಪೊಟ್ಟಣಗಳನ್ನು ಅಲ್ಲೇ ಚೆಲ್ಲಿ ಸ್ಕೂಟಿ ಹತ್ತಿದಳು. ಓಡಿಸುತ್ತಲೇ ಪೊಲೀಸಿಗೆ, 108ಕ್ಕೆ, ಚೈತ್ರ ಮೇಡಂಗೆ ಫೋನು ಮಾಡಿದಳು. ಎಲ್ಲರೂ ಬರ್ತೀವಿ ಅಂದರು. ಎಲ್ಲರೂ ದೂರದಲ್ಲಿದ್ದರು.

ಟ್ಯಾಂಕಿನ ಕೆಳಗೆ ಧೂಳೆದ್ದಿತ್ತು. ಬೀದಿಯ ತೊಂಬೆಗೆ, ಅಂದರೆ ಅಲ್ಲಿನ ಕಿರುಟ್ಯಾಂಕಿಗೆ, ಹಾಕಲು ಚಿಕ್ಕಮಾದು ಇನ್ನೊಂದು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸುತ್ತಿದ್ದನಂತೆ. ಆ ಬಿಳೀ ನೀರು ಕಣ್ಣಿಗೆ ಬಿದ್ದ ಮೇಲೆ ಸಾಕ್ಷಿ ಯಾರಿಗೆ ಬೇಕು? ಏಣಿ ಹತ್ತಿ ತಪ್ಪಿಸಿಕೊಳ್ಳಲು ಹೋದವನನ್ನು ಕಾಲು ಹಿಡಿದು ಎಳೆದು ಕೆಡವಿದ್ದರು. ಎಡಗೈ ಮೊಣಕೈಯಿಂದ ಕೆಳಕ್ಕೆ ತಿರುಚಿಕೊಂಡು ಯಾರದೋ ಕೈಯ ಹಾಗೆ ನೇತಾಡುತ್ತಿತ್ತು. ತುಟಿ ಸೀಳಿತ್ತು. ಅಂಗಿ ಬೆನ್ನಿಗೆ ರಕ್ತದಲ್ಲಿ ಅಂಟಿತ್ತು. ಚೈನು ಇಳಿದಾಗಲೆಲ್ಲ ಅಂಗಿಯ ಚೂರೊಂದು ಅದಕ್ಕೇ ಸಿಕ್ಕಿಕೊಂಡು ಬರುತ್ತಿತ್ತು.

‘ನಮ್ ಬೀದಿ ನೀರ್ಗೆ ಕೈಯಾಕ್ತಿಯೇನ್ಲಾ? ನನ್ ಮಗ್ಳೇನ್ ಮಾಡಿದ್ಲಲಾ ನಿಂಗೆ?’

‘ಡಾಕುಟ್ರಮ್ಮ ಯೋಳುದ್ರು... ಆಕ್ದೆ ಕಣ್ರಣ್ಣೋ... ಡಾಕುಟ್ರಮ್ಮ...’

‘ಆಕ್ದೆ ಅಂತ ಅವ್ನೇ ಒಪ್ಕತಾವ್ನೆ ನೋಡ್ರಲಾ!’

ಸೌದೆ ತುಂಡೊಂದು ಪಕ್ಕೆಲುಬಿಗೆ ಬಿತ್ತು. ಒಣಗಿದ ಸೋರೆಬುರುಡೆ ಒಡೆದಂಥ ಸದ್ದು. ಹೇಮಲತಾ ಸ್ಕೂಟಿಯನ್ನು ಬೀಳಲು ಬಿಟ್ಟು ಜನರ ಮಧ್ಯೆ ನುಗ್ಗಿದಳು.

‘ಬುಡ್ರೋ! ಅದು ನನ್ ಮಾತು! ಬೇದಿ ಹುಳ ಸಾಯೋ ಔಷ್ದಿ ಕಣ್ರೋ ಅದು! ಪೋಲಿಯೋ ಮದ್ದು ಅನ್ನಕಿಲ್ವಾ, ಅಂಗ್ ಅಂದೆ ನಾನು!’

‘ಪೋಲಿಯೋನ ಟ್ಯಾಂಕ್ಗಾಕ್ತಾರೇನಮ್ಮಿ?’ ಅಂದ ಯಾರೋ ಒಬ್ಬ. ಅಂಥ ಹೊತ್ತಿನಲ್ಲೂ ನಾಲ್ಕು ಜನ ನಕ್ಕರು.

‘ಔಷ್ದಿ ಆದ್ರೆ ಕುಡೀಬ್ಯಾಡಿ ಅಂತ ಯಾಕಂದೆ?’ ಚಿಕ್ಕಬಸಮ್ಮ ಸೆರಗು ಕಟ್ಟಿಕೊಂಡು ಮುಂದೆ ಬಂದಳು. ‘ಕುಡಿ ನೋಡವಾ, ನೀನೇ ಕುಡಿ!’

ಟ್ಯಾಂಕಿನ ಬುಡದಲ್ಲೇ ನಲ್ಲಿ ಇತ್ತು. ಹೇಮಲತಾ ಬೊಗಸೆ ಒಡ್ಡಿ ಕುಡಿದಳು. ಒಂದಲ್ಲ, ಮೂರು ಬೊಗಸೆ. ಬೆಳಗ್ಗೆಯಷ್ಟೇ ಪುಡಿ ಬೆರೆತ ನೀರು. ಗಾಟು ಮೂಗಿಗೆ ಹೊಡೆದು ಗಂಟಲು ಹಿಂಡಿತು. ನಾಲ್ಕನೆಯದು ನುಂಗಲು ಹೋದವಳು, ಬೇಡ ಬೇಡ ಅಂತ ದೇವರನ್ನು ಬೇಡಿಕೊಳ್ಳುತ್ತಿರುವಾಗಲೇ, ಎಲ್ಲರ ಕಣ್ಣೆದುರು ಬಗ್ಗಿ ಭಳಭಳ ಕಕ್ಕಿಬಿಟ್ಟಳು.

ಗುಂಪು ಒಮ್ಮೆಗೇ ಕೂಗಿತು.

‘ಮದ್ದು! ಮದ್ದೇಯಾ!’

ಯಾರೋ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದರು. ಕೆನ್ನೆಗೆ ಬಿದ್ದ ಏಟಿಗೆ ಕಿವಿ ಗುಯ್‌ಗುಟ್ಟಿತು. ಕೆಳಗೆ ಬಿದ್ದವಳಿಗೆ ಜನರ ಕಾಲುಗಳ ಸಂದಿಯಲ್ಲಿ ಮಹೇಂದ್ರ ಕಂಡ. ಚೈನು ಬಿಸಾಡಿ, ಎರಡು ಕೈಯಲ್ಲಿ ಬಕೆಟ್ ಎತ್ತಿಕೊಂಡಿದ್ದ.

‘ಬಾಯ್ ಬುಡಿಸ್ರಲಾ. ಆಕ್ದೋನೇ ಕುಡೀಲಿ.’

ಇಬ್ಬರು ಚಿಕ್ಕಮಾದುವಿನ ತಲೆ ಹಿಡಿದರು. ಮೂರನೆಯವನು ದವಡೆಗೆ ಬೆರಳು ತೂರಿಸಿದ. ಆ ಬಕೆಟ್ಟಿನಲ್ಲಿದ್ದದ್ದು ಟ್ಯಾಂಕಿನ ನೀರಲ್ಲ, ಸೇರುಗಟ್ಟಲೆ ಪುಡಿ ಕಲಸಿದ ಗಟ್ಟಿ ರಸ. ಒಂದು ಗುಟುಕು ಇಳಿದರೆ ಗಂಟಲು, ಕರುಳು ಬೆಂದುಹೋಗುತ್ತದೆ ಅಂತ ಹೇಮಲತಾಳಿಗೆ ಗೊತ್ತಿತ್ತು. ಹೇಳಿದರೆ ಕೇಳುವವರು ಯಾರೂ ಇರಲಿಲ್ಲ. ಜಡೆ ಹಿಡಿದಿದ್ದ ಕೈಯನ್ನು ಕಚ್ಚಿದಳು, ರಕ್ತ ಬರುವವರೆಗೆ ಕಚ್ಚಿದಳು. ಹಿಡಿತ ಬಿಟ್ಟಿದ್ದೇ ತಡ ಎದ್ದು ಓಡಿ, ಬಕೆಟ್ಟಿನ ಬುಡಕ್ಕೆ ಎರಡೂ ಕೈ ಕೊಟ್ಟು, ಇದ್ದಬದ್ದ ಬಲವೆಲ್ಲ ಹಾಕಿ ಮೇಲಕ್ಕೆ ತಳ್ಳಿದಳು.

ರಸ ಪೂರ್ತಿ ಮಹೇಂದ್ರನ ಮುಖಕ್ಕೆ ಎರಚಿತು.

ಅವನು ಅರಚಿದ್ದು ಮನುಷ್ಯರ ದನಿಯಲ್ಲಿರಲಿಲ್ಲ. ಎರಡೂ ಕಣ್ಣಿಗೆ ಅಂಗೈ ಒತ್ತಿ ಮಣ್ಣಿನಲ್ಲಿ ಉರುಳಿದ. ಚಿಕ್ಕಮಾದುವನ್ನು ಹಿಡಿದಿದ್ದವರು ಬಿಟ್ಟರು. ಒಬ್ಬೊಬ್ಬರೇ ಹಿಂದಕ್ಕೆ ಸರಿದರು. ಈಗ ಮುಟ್ಟಿದರೆ ತಮಗೂ ಹತ್ತುತ್ತದೆ ಅನ್ನುವ ಹೆದರಿಕೆ. ಅವನ ಬೀದಿಯವರು, ಅವನ ದಾಯಾದಿಗಳು, ಯಾರೂ ಹತ್ತಿರ ಬರಲಿಲ್ಲ.

ಹೇಮಲತಾಳೇ ಅವನ ಕಾಲರ್ ಹಿಡಿದು ದರದರ ನಲ್ಲಿಯ ಬುಡಕ್ಕೆ ಎಳೆದಳು. ತಲೆಯನ್ನು ಮೊಣಕಾಲಿನಲ್ಲಿ ನೆಲಕ್ಕೆ ಒತ್ತಿ ನಲ್ಲಿ ತಿರುಗಿಸಿದಳು.

‘ಬ್ಯಾಡ! ಆ ನೀರ್ ಬ್ಯಾಡ! ಸಾಯಿಸ್ತಾವ್ಳೆ, ಇಡ್ಕಳ್ರಲಾ ಇವ್ಳ!’ ಅಂತ ಅವನು ಒದ್ದ. ಒದೆ ಅವಳ ಹೊಟ್ಟೆಗೆ ಬಿತ್ತು. ಅವಳು ಬಿಡಲಿಲ್ಲ.

‘ಕಣ್ ಬುಡಣ್ಣೋ. ಬುಡ್ಲಾ ಕಣ್ಣ! ಬುಡ್ದಿದ್ರೆ ಗುಡ್ಡೆ ಬೆಂದೋಯ್ತದೆ!’

ಬಿಡದಿದ್ದಾಗ ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದಳು. ನೀರು ಹರಿಯಿತು. ಅವನು ಮತ್ತೆ ಅರಚಿದ. ಇನ್ನೊಂದು ರೆಪ್ಪೆ ಬಿಡಿಸಿದಳು.

ಪಕ್ಕದಲ್ಲಿ ಮಣ್ಣಿನ ಮೇಲೆ ಬಿದ್ದಿದ್ದ ಚಿಕ್ಕಮಾದು ರಕ್ತ ಉಗುಳಿ ಅಂದ: ‘ಬುಡವ್ವ ಅತ್ಲಾಗೆ. ಕುರುಡಾಗ್ಲಿ ಬೋಳಿಮಗ.’

‘ನೀನ್ ಸುಮ್ಕಿರು ಮಾದಣ್ಣ, ಮೂಳೆ ಮುರ್ದದೆ, ಅಲ್ಲಾಡ್ಬ್ಯಾಡ.’

‘ಮೂಳೆ ಮುರುಸ್ಕಂಡೋನ್ನ ಬುಟ್ಟು ಮುರ್ದೋನ್ಗೆ ಸ್ನಾನ ಮಾಡುಸ್ತಾ ಇದ್ದೀಯಲ್ಲ, ನಿಂಗೇನ್ ಬಂದದೆ ರೋಗ?’

ಅವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಗುಂಪು ನೋಡುತ್ತಾ ನಿಂತಿತ್ತು. ಮಹೇಂದ್ರನ ಒದ್ದಾಟ ಮೆಲ್ಲಗೆ ಇಳಿಯಿತು. ಕೂಗು ನರಳಾಟವಾಯಿತು. ಆಮೇಲೆ ಅವನಾಗಿಯೇ ಮುಖವನ್ನು ನೀರಿನ ಧಾರೆಗೆ ಒಡ್ಡಿದ. ಅದನ್ನು ಕಂಡ ಚಿಕ್ಕಬಸಮ್ಮ ಸೆರಗಿನ ಗಂಟು ಬಿಚ್ಚಿ, ಯಾರ ಮುಖವನ್ನೂ ನೋಡದೆ ಅಂಗಡಿ ಕಡೆ ನಡೆದಳು.

ಪೊಲೀಸ್ ಜೀಪು ಬರುವಷ್ಟರಲ್ಲಿ ಅರ್ಧ ಊರು ಕರಗಿತ್ತು. ಹಿಂದೆಯೇ 108 ಬಂತು. ಒಂದೇ ಒಂದು. ಇನ್ನೊಂದು ಗಾಡಿ ನರಸೀಪುರದ ಕಡೆ ಹೆರಿಗೆಗೆ ಹೋಗಿದೆ ಅಂದ ಡ್ರೈವರ್. ಚಿಕ್ಕಮಾದುವನ್ನು ಸ್ಟ್ರೆಚರ್ ಮೇಲೆ, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ ಮಹೇಂದ್ರನನ್ನು ಅದರ ಪಕ್ಕದ ಸೀಟಿನ ಮೇಲೆ ಹಾಕಿದರು. ಇಬ್ಬರ ನಡುವಿನ ಗೇಣಗಲದ ಜಾಗದಲ್ಲಿ ಹೇಮಲತಾ ತೂರಿಕೊಂಡು ಕೂತಳು. ಶಿವನಂಜಮ್ಮ ಮುಂದೆ ಡ್ರೈವರ್ ಪಕ್ಕ ಹತ್ತಿ ಊರಿಗೆ ಊರನ್ನೇ ಶಪಿಸಿದಳು.

ರಸ್ತೆಗೆ ಬಿದ್ದ ಮೇಲೆ ಮಹೇಂದ್ರ ಬಾಯಿಬಿಟ್ಟ.

‘ಬಲಗಣ್ಣಲ್ಲಿ ವಸಿ ಬೆಳಕು ಬತ್ತಾ ಅದೆ. ಎಡಗಣ್ಣು ಕತ್ಲೆ.’

‘ಆಸ್ಪತ್ರೇಲಿ ನೋಡ್ತಾರೆ.’

‘ನನ್ ಮಗ್ಳು?’

ಹೇಮಲತಾ ಆಸ್ಪತ್ರೆಯ ನರ್ಸಿಗೆ ಫೋನು ಮಾಡಿ, ಕೇಳಿ, ಇಟ್ಟಳು. ‘ವಾಂತಿ ನಿಂತದೆ. ಗಂಜಿ ಕುಡಿದವ್ಳಂತೆ. ಅಪ್ಪಯ್ಯ ಎಲ್ಲಿ ಅಂತ ಕೇಳ್ತಾವ್ಳಂತೆ.’

ಕಟ್ಟಿದ ಬಟ್ಟೆಯ ಕೆಳಗಿನಿಂದ ನೀರು ಇಳಿಯಿತು. ಸ್ಟ್ರೆಚರ್ ಇದ್ದ ದಿಕ್ಕಿಗೆ ಮುಖ ತಿರುಗಿಸಿ, ತಡವರಿಸಿ ಅಂದ: ‘ಮಾದಣ್ಣ... ತಪ್ಪಾಯ್ತು ಕಣೋ.’

ಚಿಕ್ಕಮಾದುವಿನ ಕೈ ಮುರಿದಿತ್ತು, ಪಕ್ಕೆ ಮುರಿದಿತ್ತು, ಕಾಲು ಮಾತ್ರ ನೆಟ್ಟಗಿತ್ತು. ಅದನ್ನು ಮೆಲ್ಲಗೆ ಮಡಚಿ, ಅಳತೆ ನೋಡಿಕೊಂಡು, ಮಹೇಂದ್ರನ ಪಕ್ಕೆಗೆ ಬಲವಾಗಿ ಒಂದು ಬಿಟ್ಟ.

ಮಹೇಂದ್ರ ‘ಯವ್ವಾ’ ಅಂತ ಮುದುಡಿಕೊಂಡ. ಆದರೆ ಕೈ ಎತ್ತಲಿಲ್ಲ.

ಕಾಲು ಮಡಚಿದ್ದನ್ನು ಹೇಮಲತಾ ನೋಡಿದ್ದಳು. ಆ ಒಂದನ್ನು ಹೋಗಲು ಬಿಟ್ಟಳು. ಎರಡನೆಯದಕ್ಕೆ ಕಾಲು ಮತ್ತೆ ಮಡಚಿದಾಗ, ತನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ನಂಜನಗೂಡು ಬರುವವರೆಗೂ ಹಾಗೆಯೇ ಕೂತಳು.