ಹೊಸ್ತಿಲಿನ ಚೌಕ

ಅಭಿಷೇಕ ಮುಗಿಸಿ ಚೆನ್ನಿಗರಾಯನ ಮೈ ಒರೆಸುತ್ತಿದ್ದ ಜಯಂತ ಕೈದೀಪ ಹಿಡಿದು ವಿಗ್ರಹದ ಹಿಂದಕ್ಕೆ ಬಗ್ಗಿದ. ಇಷ್ಟು ವರ್ಷ ಪೂಜೆ ಮಾಡಿದರೂ ದೇವರ ಬೆನ್ನು ಹೇಗಿದೆ ಎಂದು ಅವನು ನೋಡಿರಲಿಲ್ಲ. ನೋಡಿದರೆ ಅಲ್ಲಿ ಏನೂ ಇಲ್ಲ. ಎದುರಿಗೆ ಅಷ್ಟೊಂದು ಹಾರ, ಕಿರೀಟ, ತೋಳಬಂದಿ ಕೆತ್ತಿದ ಶಿಲ್ಪಿ ಹಿಂದುಗಡೆ ನಾಲ್ಕು ಉಳಿ ಏಟು ಹಾಕಿ ಕೈ ತೊಳೆದುಕೊಂಡಿದ್ದ. ಯಾರು ಬಂದು ನೋಡುತ್ತಾರೆ ಎಂದುಕೊಂಡಿರಬೇಕು. ಮುಂದೊಂದು ದಿನ ಹಾಸನದಿಂದ ಮನು ಎಂಬುವನು ಫೋನು ಮಾಡಿ, "ಐನೋರೇ, ದೇವ್ರು ಬೆನ್ನು ಇನ್ನೂ ಬಂದಿಲ್ವಲ್ಲ" ಎಂದು ಪ್ರಾಣ ತಿನ್ನುತ್ತಾನೆ ಎಂದು ಪಾಪ ಅವನಿಗೇನು ಗೊತ್ತು.

ಮನು ಹಳೇಕೋಟೆಯ ಗೌಡರ ಪೈಕಿ. ಕಾಲೇಜಿನಲ್ಲಿ ಜಯಂತನ ಜೊತೆಗಾರ, ಈಗ ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಅವನಿಗೆ ಆಟ ಕಟ್ಟುವ ಒಂದು ಹಳೇ ಸಾಫ್ಟ್‌ವೇರು ಸಿಕ್ಕಿತ್ತು. ಅದರ ಜೊತೆಗೆ ಬಂದ ಚಿತ್ರಗಳೆಲ್ಲ ಯಾವುದೋ ದೇಶದ ಕೋಟೆ, ಕತ್ತಿ, ರಾಜಕುಮಾರಿ. ಅವು ಬೇಡವೆಂದವರು ತಮ್ಮ ಚಿತ್ರ ತಾವೇ ಬರೆದು ತುಂಬಿಕೊಳ್ಳಬೇಕು. ಚುಕ್ಕಿಗೆ ಚುಕ್ಕಿ ಕೂಡಿಸಿ ಹೆಬ್ಬೆರಳ ಉಗುರಿನಷ್ಟು ಬೊಂಬೆ ಮಾಡಬೇಕು. ಅದಕ್ಕೆ ಎದುರು, ಎಡ, ಬಲ, ಬೆನ್ನು, ಒಂದೊಂದಕ್ಕೂ ಮೂರು ಹೆಜ್ಜೆ. ನೆಲ, ಗೋಡೆ, ಕಂಬಗಳನ್ನು ಚೌಕ ಚೌಕವಾಗಿ ಬರೆದು ಜೋಡಿಸಬೇಕು. ಕಾಸು ಹುಟ್ಟದ ಈ ಕೆಲಸಕ್ಕೆ ಲೋಕದಲ್ಲಿ ಜನವೂ ಇದ್ದರು, ಅವರಿಗೆಂದೇ ಇಂಟರ್‌ನೆಟ್ಟಿನಲ್ಲಿ ಒಂದು ಜಗಲಿಯೂ ಇತ್ತು. ಜಯಂತ ಮನೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದು ಕಳಿಸಿದ್ದನ್ನು ಮನು ಕಂಪ್ಯೂಟರಿಗೆ ಏರಿಸಿ ಆ ಜಗಲಿಯಲ್ಲಿಡುತ್ತಿದ್ದ.

ಇಬ್ಬರೂ ಸೇರಿ ಕಟ್ಟುತ್ತಿದ್ದ ಆಟದಲ್ಲಿ ಗರ್ಭಗುಡಿಯಲ್ಲಿ ನಿಂತು ನಿಂತು ಬೇಸತ್ತ ದೇವರು ಊರು ನೋಡಲು ಹೊರಡುತ್ತಾನೆ. ಕಥೆ ಯಾರದೆಂದು ಕೇಳಿದವರಿಗೆ ಮನು ತನ್ನದೇ ಎನ್ನುತ್ತಿದ್ದ. ಜಯಂತ ತಕರಾರು ತೆಗೆಯಲಿಲ್ಲ. ಅರ್ಚಕನ ಬಾಯಲ್ಲಿ ಬರುವ ಕಥೆಯಲ್ಲ ಅದು.

ಈ ಭಾನುವಾರ ಬೇರೆ ಬೇರೆ ಊರಿನ, ಇಂಥ ಆಟ ಕಟ್ಟುವ ಐದಾರು ಮಂದಿ ಮನುವಿನ ಅಂಗಡಿಯಲ್ಲಿ ಸೇರುವುದೆಂದು ಆಗಿತ್ತು. ಒಂದು ದಿನ, ಒಂದೇ ದಿನ ಅವರ ನಡುವೆ ಕೂತು ಬರಬೇಕೆಂದು ಜಯಂತನಿಗೆ ಹಸಿವಿನಂಥ ಆಸೆ ಹುಟ್ಟಿತು.

"ದೀಪದ ಹೊತ್ತಿಗೆ ಬಂದ್ಬಿಡ್ತೀನಪ್ಪ" ಎಂದ.

ತಂದೆ ಲಕ್ಷ್ಮೀನರಸಿಂಹ ಭಟ್ಟರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಾತು ಮಾತ್ರ ನೆಟ್ಟಗಿತ್ತು. "ನಿಮ್ಮ ತಾತನೂ ಹಾಗೇ ಹೇಳಿ ಮೇಲುಕೋಟೆಗೆ ಹೋಗಿದ್ರು" ಎಂದರು.

ಆ ಕಥೆ ಹೊಳೆನರಸೀಪುರದ ಆ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಹೊಳೆ ಬದಿಯ ಆ ಪುಟ್ಟ ಗುಡಿಯ ಪೂಜೆ ದಾಯಾದಿಗಳ ಎರಡು ಮನೆಗೆ ಸರದಿಯ ಮೇಲೆ ಹಂಚಿಹೋಗಿತ್ತು. ಒಂದು ಮನೆಯ ಸರದಿಯಲ್ಲಿ ಇನ್ನೊಂದು ಮನೆಯ ಕೈ ದೀಪ ಹಚ್ಚಿತೋ, ಆ ತಿಂಗಳು ಎಂದೆಂದಿಗೂ ಹಚ್ಚಿದವರ ಪಾಲಾಯಿತು. ತಾತ ಒಂದು ಸಂಜೆ ತಡಮಾಡಿದ್ದಕ್ಕೆ ಶ್ರಾವಣ ಕೈಬಿಟ್ಟಿತ್ತು. ಇನ್ನು ಬಿಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಜಯಂತ ಭಾನುವಾರ ಬೆಳಗಿನ ಪೂಜೆ ಮುಗಿಸಿ, ಅಪ್ಪನ ಔಷಧಿ ತರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿ ಹೊರಟ. ಹೋಗುವಾಗ ದಾಯಾದಿ ಮುರಳೀಕೃಷ್ಣನ ಮನೆಗೆ ಹೋಗಿ, "ಬಸ್ಸು ತಪ್ಪಿದ್ರೆ ದೀಪ ಹಚ್ಬಿಡು ಮುರಳಿ, ಸರದಿ ಲೆಕ್ಕಕ್ಕೆ ಹಿಡೀಬೇಡ, ಅಪ್ಪನಿಗೆ ಗೊತ್ತಾಗೋದು ಬೇಡ" ಎಂದ. ಮುರಳಿ, "ಅದಕ್ಕೇನಂತೆ, ನೀನು ನಿಧಾನವಾಗಿ ಬಾ" ಎಂದ. ಆ ನಿಧಾನ ಜಯಂತನಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಹಾಸನದಲ್ಲಿ ಮನುವಿನ ಅಂಗಡಿಗೆ ಕಾಲಿಡುತ್ತಲೇ ಚನ್ನರಾಯಪಟ್ಟಣದ ಮೇಘಶ್ರೀ ಎಂಬ ಸ್ಕೂಲ್ ಮೇಡಂ ಎದ್ದು ನಿಂತಳು. "ಆ ಕಂಬಗಳನ್ನ ಬರ್ದೋರು ನೀವಾ ಸಾರ್? ನಿಮ್ಮ ಕಂಬ ನೋಡೇ ನಾನು ಶುರು ಮಾಡಿದ್ದು."

ಭಟ್ಟರ ಮಗ, ಪೂಜೆ ಜಯಂತ ಎಂದೆಲ್ಲ ಕರೆಸಿಕೊಂಡವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವನು ಹೌದೆಂದು ತಲೆಯಾಡಿಸಿದ.

ಊಟವಾದ ಮೇಲೆ ಮನು ಆಟ ತೆರೆದ. ಜಯಂತ ಕೂಡಿಸಿದ ಚುಕ್ಕಿಗಳೆಲ್ಲ ಗುಡಿಯಾಗಿ ನಿಂತಿದ್ದವು. ಚೆನ್ನಿಗರಾಯ ಪೀಠದಿಂದ ಇಳಿದ, ನಡೆದ. ಎಲ್ಲರೂ ಚಪ್ಪಾಳೆ ಹೊಡೆದರು. ಬಾಗಿಲಿಗೆ ಬಂದವನು ಮಾತ್ರ ನಿಂತಲ್ಲೇ ಹೆಜ್ಜೆ ಹಾಕತೊಡಗಿದ. ಮನು ಬಾಣದ ಕೀಲಿ ಎಷ್ಟು ಒತ್ತಿದರೂ ಆಚೆಗೆ ಬರಲೊಲ್ಲ.

ಆ ಸಾಫ್ಟ್‌ವೇರಿನಲ್ಲಿ ನೆಲದ ಪ್ರತಿ ಚೌಕಕ್ಕೂ ಗುರುತು ಹಾಕಬೇಕು. ಸೊನ್ನೆ ಹಾಕಿದರೆ ಕಾಲಿಡಬಹುದು, ಇಂಟು ಹಾಕಿದರೆ ಇಡುವಂತಿಲ್ಲ. ಮನು ಬಗ್ಗಿ ನೋಡಿದ.

"ಏನ್ಲಾ ಇದು, ಒಸ್ಲಿಗೇ ಇಂಟು ಆಕ್ಬುಟ್ಟಿದ್ದೀಯ?"

"ಹೊಸ್ತಿಲು ತುಳೀಬಾರ್ದಲ್ವೇನೋ" ಎಂದ ಜಯಂತ.

ಅಂಗಡಿಗೆ ಅಂಗಡಿಯೇ ನಕ್ಕಿತು. ಜಯಂತನೂ ನಕ್ಕ.

"ಐನೋರ ಬುದ್ಧಿ ಎಲ್ಲೋಯ್ತದೆ. ದೇವ್ರೇ ತುಳಿಯೋದು ಕಣ್ಲಾ, ಸೊನ್ನೆ ಆಕು, ಆಚೀಕ್ ಓಗ್ಲಿ ಪಾಪ."

ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಜಯಂತ ಮೌಸಿನ ಮೇಲೆ ಕೈಯಿಟ್ಟ. ಕೈ ಬರಲಿಲ್ಲ. ಹುಡುಗನಾಗಿದ್ದಾಗ ಹೊಸ್ತಿಲು ತುಳಿದು ತಿಂದ ಪೆಟ್ಟುಗಳೆಲ್ಲ ಬೆನ್ನಿನಲ್ಲಿ ಎದ್ದು ಕೂತವು. "ತುಳಿಸೋದು ಬೇಡ, ದಾಟಿಸ್ತೀನಿ" ಎಂದ. ಬೊಂಬೆಯನ್ನು ಒಂದು ಚೌಕ ಹಾರಿಸುವುದಕ್ಕೆ ಸಾಫ್ಟ್‌ವೇರಿನಲ್ಲಿ ಒಂದು ಆಜ್ಞೆ ಇತ್ತು. ಆದರೆ ಕಾಲೆತ್ತಿದ ದೇವರನ್ನು ಹೊಸದಾಗಿ ಬರೆಯಬೇಕಿತ್ತು.

"ಬಸ್ ಗತಿಯೇನ್ಲಾ?"

"ಇನ್ನೂ ಹೊತ್ತಿದೆ."

ಇತ್ತು, ಆಗ. ಮೇಘಶ್ರೀ ಪಕ್ಕದಲ್ಲಿ ಕೂತು, "ನೆರಳು ಸ್ವಲ್ಪ ಕೆಳಗೆ ಬಂದ್ರೆ ಕಾಲು ಎತ್ತಿದ ಹಾಗೆ ಕಾಣುತ್ತೆ ಸಾರ್" ಎಂದಳು. ಸರಿಯಾದ ಮಾತು. ಜಯಂತ ಪಂಚೆಯ ನೆರಿಗೆಯೊಳಗೆ, ಪಾದದ ಕೆಳಗಿನ ನಾಲ್ಕು ಚುಕ್ಕಿಯೊಳಗೆ ಇಳಿದುಹೋದ. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಇರಲಿಲ್ಲ. ಕಾಲೆತ್ತಿದ್ದಾಯಿತು, ಊರುವುದು ಉಳಿದಿತ್ತು. ಅಷ್ಟರಲ್ಲಿ ಮನು ಟ್ಯೂಬ್‌ಲೈಟ್ ಹಾಕಿದ. ಜಯಂತ ಬೆಚ್ಚಿಬಿದ್ದು ಕಿಟಕಿಯ ಕಡೆ ನೋಡಿದ. ಹೊರಗೆ ಕತ್ತಲಾಗುತ್ತಿತ್ತು.

ಊರು ಮುಟ್ಟಿದಾಗ ಬೀದಿಯ ಎಲ್ಲ ಮನೆಗಳಲ್ಲೂ ದೀಪ ಹಚ್ಚಿಯಾಗಿತ್ತು. ಗುಡಿಯೊಳಗೆ ಮಾತ್ರ ಕತ್ತಲೆ. ನವರಂಗದಲ್ಲಿ ಮುರಳಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದ. "ಒಳಗೆ ಬಿಡ್ತಾ ಇಲ್ಲ ಕಣೋ" ಎಂದ.

ಗರ್ಭಗುಡಿಯ ಹೊಸ್ತಿಲ ಮೇಲೆ ಅಪ್ಪ ಅಡ್ಡ ಕೂತಿದ್ದರು. ಜೀವಮಾನವಿಡೀ ಹೊಸ್ತಿಲಿಗೆ ಕಾಲು ತಾಕಿಸಬೇಡ ಎಂದು ಬೈದ ಮನುಷ್ಯ ಅದರ ಮೇಲೇ ಕುಂಡಿಯೂರಿದ್ದರು. ಗುಡಿಯೆದುರಿನ ತಮ್ಮ ಮನೆಯಿಂದ ಒಂದು ಕೈಯಲ್ಲೇ ತೆವಳಿಕೊಂಡು ಬಂದಿರಬೇಕು. ಪಂಚೆಯೆಲ್ಲ ಮಣ್ಣಾಗಿತ್ತು, ಬಲಮೊಣಕೈ ತರಚಿ ರಕ್ತ ಒಸರಿತ್ತು.

ಬೈಗುಳ ಬರಲಿಲ್ಲ. "ಬಂದ್ಯಾ" ಎಂದರು, "ಸ್ನಾನ ಮಾಡ್ಕೊಂಡು ಬಾ."

ಬಾವಿಯ ಹತ್ತಿರ ನೀರು ಸುರಿದುಕೊಂಡು ಒದ್ದೆಪಂಚೆಯಲ್ಲೇ ಬಂದ. ಅಪ್ಪ ಬಲಗೈಯಿಂದ ತಮ್ಮ ಎಡಗಾಲನ್ನು ಎತ್ತಿ ಒಂದಿಷ್ಟು ಪಕ್ಕಕ್ಕಿಟ್ಟು ದಾರಿ ಬಿಟ್ಟರು. ಜಯಂತ ಬಲಗಾಲು ಎತ್ತಿದ. ಒಂದು ಗಳಿಗೆ ಅದು ಗಾಳಿಯಲ್ಲೇ ನಿಂತಿತು. ಆಮೇಲೆ ಒಳಗೆ ಊರಿದ.

ಬತ್ತಿ ಹೊಸೆದು ದೀಪ ಹಚ್ಚಿದ. ಬೆಳಕು ಮೊದಲು ದೇವರ ಪಾದದ ಮೇಲೆ, ಆಮೇಲೆ ಮುಖದ ಮೇಲೆ ಬಿತ್ತು. ಹೊರಗೆ ಮುರಳಿ ಕಾಲೆಳೆದುಕೊಂಡು ಹೋದದ್ದು ಕೇಳಿಸಿತು. ಗಂಟೆ ಕೈಗೆ ತೆಗೆದುಕೊಂಡು ಜಯಂತ ತಿರುಗಿ ನೋಡಿದ. ಅಪ್ಪ ಎದ್ದಿರಲಿಲ್ಲ, ಕಾಲನ್ನು ಮತ್ತೆ ಮೊದಲಿನ ಜಾಗಕ್ಕೇ ಎಳೆದುಕೊಂಡು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಮಾಸಿದ ಜನಿವಾರ, ಎಲುಬೆದ್ದ ಬರಿಮೈ. ಬಾಗಿಲಿನ ತುಂಬ ಅಪ್ಪನ ಬೆನ್ನು.