ನಿನಗೋಸ್ಕರ ಅಲ್ಲ

ನಾನು ಕೆಲಸ ಬಿಟ್ಟ ಸುದ್ದಿ ನನಗೆ ತಿಳಿದದ್ದು ಬಸ್ಸಿನ ಕೆಳಗೆ ಮಲಗಿದ್ದಾಗ. ಹಿಂದಿನ ಚಕ್ರದ ಪಕ್ಕದಲ್ಲಿ ಮೊದಲು ಮೇಸ್ತ್ರಿಯ ಬೂಟು ಕಾಣಿಸಿತು, ಆಮೇಲೆ ಮೊಣಕಾಲು, ಆಮೇಲೆ ಬಗ್ಗಿದ ಮುಖ. ಕಣ್ಣು ಒದ್ದೆಯಾಗಿತ್ತು. ಯಾರೋ ಹೋಗಿಬಿಟ್ಟಿರಬೇಕು ಎಂದುಕೊಂಡೆ.

"ಹೊರಗೆ ಬನ್ನಿ ಅಕ್ಕ. ಇನ್ನು ಈ ಕರ್ಮ ನಿಮಗ್ಯಾಕೆ? ನಿಮ್ಮ ಮಗ ಬಂದಿದ್ದ. ಎಲ್ಲಾ ಹೇಳಿದ."

"ಏನು ಹೇಳಿದ?"

"ಸೋಮವಾರದಿಂದ ಅಮ್ಮ ಬರಲ್ಲ ಅಂದ. ನಮಗೋಸ್ಕರ ಜೀವ ತೇಯ್ದಿದ್ದು ಸಾಕು, ಇನ್ಮೇಲೆ ನಾನು ನೋಡ್ಕೋತೀನಿ ಅಂದ. ಅಂಥ ಮಗ ಕೋಟಿಗೊಬ್ಬ ಅಕ್ಕ. ನನಗೂ ಒಬ್ಬ ಇದ್ದಾನೆ, ಮಧ್ಯಾಹ್ನ ಆದ್ರೂ ಹಾಸಿಗೆ ಬಿಟ್ಟು ಏಳಲ್ಲ."

ನಾನು ಹೊರಗೆ ಬರಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನೂ ಬಿಡಲಿಲ್ಲ. "ನೀವೇನಂದ್ರಿ?" ಎಂದು ಅಲ್ಲಿಂದಲೇ ಕೇಳಿದೆ.

"ನಾನೇನನ್ನಲಿ? ಒಳ್ಳೇದಾಗ್ಲಿ ಅಂದೆ. ಮಾಲೀಕರ ಕಿವಿಗೂ ಹಾಕಿದ್ದೀನಿ. ಟೈರು ಹಾಕೋನನ್ನ ನಿಮ್ಮ ಜಾಗಕ್ಕೆ ಹಾಕೋದು ಅಂತಾಯ್ತು."

ಮೈಯೆಲ್ಲ ಉರಿದುಹೋಯಿತು. ನನ್ನ ಜಾಗ ಖಾಲಿಯಾಗಿ, ತುಂಬಿಯೂ ಆಗಿತ್ತು. ನಾನು ಮಾತ್ರ ಇನ್ನೂ ಅದರಲ್ಲೇ ಅಂಗಾತ ಮಲಗಿದ್ದೆ.

ನಾನು ಬ್ರೇಕಿನವಳು. ಈ ಬಸ್ ಕಂಪನಿಯ ಡಿಪೋದಲ್ಲಿ ಬಸ್ಸು ತೊಳೆಯಲು ಸೇರಿಕೊಂಡವಳು, ಬಕೆಟ್ ಕೆಳಗಿಟ್ಟು ಬ್ರೇಕ್ ಮಾಡುವವರ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂತು ಕೊನೆಗೆ ಅವರ ಕೈಯಿಂದ ಕೆಲಸ ಕಿತ್ತುಕೊಂಡೆ. ಚಕ್ರ ಕಳಚಬೇಕು, ಒಳಗಿನ ಬ್ರೇಕ್ ಡ್ರಮ್ ಎಳೆಯಬೇಕು, ಸವೆದ ಲೈನಿಂಗ್ ಪಟ್ಟಿ ತೆಗೆದು ಹೊಸದು ಕೂರಿಸಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಡ್ರಮ್ಮು ಗಂಟೆಯ ಹಾಗೆ ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಗೊರಗುಟ್ಟುತ್ತದೆ. ನಮ್ಮ ಡಿಪೋದಲ್ಲಿ ಒಂದು ಪದ್ಧತಿಯಿದೆ. ಬ್ರೇಕ್ ಸರಿ ಮಾಡಿದವರೇ ಮೊದಲ ಓಟದಲ್ಲಿ ಮುಂದಿನ ಸೀಟಿನಲ್ಲಿ ಕೂರಬೇಕು. ಗೂಳಿ ಎಂದು ನಾವು ಕರೆಯುವ ಡ್ರೈವರು ಹಿಂದಿನ ಅಂಗಳದಲ್ಲಿ ಬಸ್ಸನ್ನು ನೇರ ಕಾಂಪೌಂಡ್ ಗೋಡೆಯತ್ತ ನುಗ್ಗಿಸುತ್ತಾನೆ. ನಾನು ಕಂಬಿ ಹಿಡಿದು "ಈಗ" ಅನ್ನುತ್ತೇನೆ, ಅವನು ಒತ್ತುತ್ತಾನೆ. ಅಷ್ಟು ದೊಡ್ಡ ಪ್ರಾಣಿ ನಾನು ಹೇಳಿದ ಕಡೆ ನಿಲ್ಲುತ್ತದೆ. ಮನೆಯಲ್ಲಿ ನಾನು ಹೇಳಿದ ಕಡೆ ನಿಲ್ಲುವುದು ಏನಿದೆ? ಹಾಲು ಕೂಡ ನಿಲ್ಲುವುದಿಲ್ಲ.

ಆ ದಿನ ಸಂಜೆ ಮನೆಗೆ ಹೋದರೆ ಬಾಗಿಲಿನಿಂದ ಒಳಗೆ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಒಂದು ಕುರ್ಚಿ ಬಂದು ಕೂತಿತ್ತು. ಮೆತ್ತನೆಯದು, ಕಂದು ಬಣ್ಣದ್ದು, ಪಕ್ಕದ ಹಿಡಿ ಎಳೆದರೆ ಕಾಲನ್ನೂ ಮೇಲೆತ್ತಿ ಮಲಗಿಸುವಂಥದ್ದು. ಊಟದ ಮೇಜನ್ನು ಗೋಡೆಗೆ ತಳ್ಳಿ ಅದಕ್ಕೆ ಜಾಗ ಮಾಡಿದ್ದರು. ನನ್ನ ನಾದಿನಿ ಅದರಲ್ಲಿ ಒರಗಿ, ಕಾಲು ಮೇಲೆತ್ತಿಕೊಂಡು ಪರೀಕ್ಷೆ ಮಾಡುತ್ತಿದ್ದಳು.

"ಏಳು, ಅಮ್ಮ ಕೂತ್ಕೊಳ್ಲಿ," ಎಂದರು ನಮ್ಮನೆಯವರು ತಂಗಿಗೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ನನ್ನನ್ನು ಅಮ್ಮ ಅನ್ನುವುದನ್ನು ಕಲಿತಿದ್ದಾರೆ, ಮಗನ ಬಾಯಿಂದ ಅಂಟಿಕೊಂಡ ಚಾಳಿ.

"ನನ್ನ ಬಟ್ಟೆಯಲ್ಲಿ ಗ್ರೀಸಿದೆ," ಎಂದು ನಾನು ನಿಂತೇ ಇದ್ದೆ.

ಮಗ ಅಡುಗೆಮನೆಯಿಂದ ಬಂದ. ಟೈ ಇನ್ನೂ ಬಿಚ್ಚಿರಲಿಲ್ಲ. ಅವನು ಮನೆ ಕಟ್ಟಿ ಮಾರುವ ಕಂಪನಿಯಲ್ಲಿದ್ದಾನೆ, ಒಳ್ಳೆಯ ಹುದ್ದೆ. ಅದಕ್ಕೂ ಮೊದಲು ಒಂದು ಶಿಶುಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಪುಟಾಣಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ನಾಲ್ಕು ಕಾಲಲ್ಲಿ ನಡೆಯುತ್ತಿದ್ದನಂತೆ, ಬೀದಿಯಲ್ಲಿ ಹೋದರೆ ಮೊಣಕಾಲೆತ್ತರದ ಮಂದಿಯೆಲ್ಲ "ಆನೆ ಸರ್, ಆನೆ ಸರ್" ಎಂದು ಕಿರುಚುತ್ತಿದ್ದರು. ಅದನ್ನು ಬಿಟ್ಟು ಟೈ ಕಟ್ಟಿಕೊಂಡಾಗ, ದೊಡ್ಡವನಾದ, ದುಡ್ಡಿನ ರುಚಿ ಹತ್ತಿತು ಎಂದು ನಾನು ಸುಮ್ಮನಾಗಿದ್ದೆ.

ಊಟಕ್ಕೆ ಕೂತೆವು. ಮಗ ಊಟ ಮಾಡುವ ಬದಲು ಭಾಷಣ ಮಾಡಿದ. "ಅಮ್ಮನ ಕೈ ನೋಡಿ. ಆ ಉಗುರು ನೋಡಿ. ನನ್ನ ಫೀಸು, ನನ್ನ ಬಟ್ಟೆ, ನನ್ನ ಪುಸ್ತಕ, ಎಲ್ಲಾ ಆ ಕೈಯಿಂದ ಬಂದಿದ್ದು. ಅಮ್ಮ, ನೀನು ಸವೆದಿದ್ದು ಸಾಕು."

ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮನೆಯವರು ತಟ್ಟೆ ನೋಡುತ್ತಿದ್ದರು. ನನಗೆ ಬಂದದ್ದು ಮಾತ್ರ ಸಿಟ್ಟು. ಬದುಕಿರುವಾಗಲೇ ನನ್ನ ಫೋಟೋಗೆ ಹಾರ ಹಾಕಿದಂತಿತ್ತು.

"ನಾನು ಕೆಲಸ ಬಿಡಲ್ಲ," ಎಂದೆ.

"ಯಾಕತ್ತಿಗೆ?" ನಾದಿನಿಯ ಕಣ್ಣು ತಕ್ಷಣ ಒಣಗಿತು. "ನಿಮಗೇನು ಕಮ್ಮಿಯಾಗಿದೆ? ಊಟಕ್ಕಾ, ಬಟ್ಟೆಗಾ? ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ? ಅಣ್ಣ, ನೀನೇನಾದ್ರೂ ಅಂದ್ಯಾ?"

"ನಾನು ತುಟಿ ಪಿಟಕ್ ಅಂದಿಲ್ಲ," ಎಂದರು ಪಾಪ ಅವರು.

"ನನಗೆ ಆ ಕೆಲಸ ಇಷ್ಟ," ಎಂದೆ.

ಅದು ಯಾರ ಕಿವಿಗೂ ಉತ್ತರದ ಹಾಗೆ ಕೇಳಿಸಲಿಲ್ಲ. ಇಷ್ಟ ಅಂತ ಯಾರಾದರೂ ಗ್ರೀಸು ಬಳಿದುಕೊಳ್ಳುತ್ತಾರಾ ಎಂದಳು ನಾದಿನಿ. ಅಭ್ಯಾಸ ಆಗಿಬಿಟ್ಟಿದೆ, ನಾಲ್ಕು ದಿನ ಮನೆಯಲ್ಲಿ ಕೂತರೆ ಸರಿಹೋಗುತ್ತದೆ ಎಂದ ಮಗ. ನಮ್ಮನೆಯವರು ಅಷ್ಟು ವರ್ಷ ಅಂಚೆಗೆ ಮುದ್ರೆ ಒತ್ತಿದರು. ಯಾಕೆ ಹೋಗುತ್ತೀರಿ ಎಂದು ಒಂದು ದಿನ ಒಬ್ಬರೂ ಅವರನ್ನು ಕೇಳಿದ್ದಿಲ್ಲ. ನಾನು ಮಾತ್ರ ಕಾರಣ ಕೊಡಬೇಕು, ಅದೂ ಇವರೆಲ್ಲ ಒಪ್ಪುವಂಥ ಕಾರಣ.

ಒಪ್ಪುವ ಕಾರಣ ಒಂದಿತ್ತು ನನ್ನ ಹತ್ತಿರ. ಮಗ ತೊಟ್ಟಿಲಲ್ಲಿದ್ದಾಗ, ನಾನು ಕೆಲಸಕ್ಕೆಂದು ಹೊರಗೆ ಕಾಲಿಟ್ಟರೆ ಸಾಕು ನಮ್ಮತ್ತೆಯ ಮುಖ ಗಂಟಾಗುತ್ತಿತ್ತು. ಮಗುವಿನ ಖರ್ಚಿಗೆ ಬೇಕಲ್ಲ ಎಂದೆ ಒಂದು ದಿನ, ಅವರ ಬಾಯಿಗೆ ಬೀಗ ಬಿತ್ತು. ಅವತ್ತಿನಿಂದ ಅದೇ ನನ್ನ ಪಾಸು. ನಿಜ ಹೇಳುವುದಾದರೆ ಇವರ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಸ್ವಲ್ಪ ಬಿಗಿಯಾಗಿ, ಆದರೂ ನಡೆಯುತ್ತಿತ್ತು. ಆದರೆ ದುಡ್ಡಿಗೋಸ್ಕರ ಎಂದರೆ ಎಲ್ಲರೂ ದಾರಿ ಬಿಡುತ್ತಾರೆ. ಸಂತೋಷಕ್ಕೆ ಎಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಆ ಪಾಸನ್ನು ಹಿಡಿದುಕೊಂಡೇ ಇಷ್ಟು ವರ್ಷ ಓಡಾಡಿದೆ. ಈಗ ಮಗ ಕೈತುಂಬ ತಂದು, ಪ್ರೀತಿಯಿಂದಲೇ, ಅದನ್ನು ರದ್ದು ಮಾಡಿದ್ದ.

"ಕೇಳಿಲ್ಲಿ," ಎಂದೆ ಮಗನಿಗೆ. "ನಾನು ಸವೆದಿಲ್ಲ. ತ್ಯಾಗ ಗೀಗ ಏನೂ ಮಾಡಿಲ್ಲ. ಅಲ್ಲಿಗೆ ಹೋಗೋಕೆ ನನಗೆ ಆಸೆ, ಅದಕ್ಕೆ ಹೋದೆ. ದುಡ್ಡು ಬಂತು, ನಿನಗೆ ಹಾಕಿದೆ, ಅಷ್ಟೇ. ನಿನಗೋಸ್ಕರ ಅಲ್ಲ."

ಅವನ ಮುಖ ನೋಡಲಾಗಲಿಲ್ಲ. ಬಾಯಿಗೆ ಹೋಗುತ್ತಿದ್ದ ಕೈಯನ್ನು ಹಾಗೇ ತಟ್ಟೆಗೆ ಇಳಿಸಿ, ಎದ್ದು ಹೋಗಿ ಬಾಗಿಲು ಹಾಕಿಕೊಂಡ. "ಹೆತ್ತ ಮಗನಿಗೆ ಅನ್ನೋ ಮಾತಾ ಅದು?" ಎಂದಳು ನಾದಿನಿ. ಅನ್ನುವ ಮಾತೋ ಅಲ್ಲವೋ ನನಗೂ ಗೊತ್ತಿರಲಿಲ್ಲ. ಆದರೆ ವಾಪಸ್ ನುಂಗುವ ಮನಸ್ಸೂ ಇರಲಿಲ್ಲ.

ತಟ್ಟೆ ತೊಳೆಯುವಾಗ ನಮ್ಮನೆಯವರು ಬಂದು ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತರು.

"ನನಗೆ ಗೊತ್ತಿತ್ತು," ಎಂದರು. "ರಜಾ ದಿನ ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನ್ರೀ ಆಗಿತ್ತು ನಿಮಗೆ?"

"ದುಡ್ಡಿಗೆ ಅಂತ ನೀನೇ ಹೇಳ್ತಿದ್ದೆ. ಈ ಮನೇಲಿ ನಿನ್ನ ಮಾತು ಮೀರಿ ನಾನೇನಾದ್ರೂ ಹೇಳಿದ್ದುಂಟಾ?" ಎಂದು ಲೋಟ ಒರೆಸಿ ಗೂಡಿನಲ್ಲಿಟ್ಟರು.

ಮರುದಿನ ಶನಿವಾರ. ಬೆಳಿಗ್ಗೆ ಡಿಪೋಗೆ ಹೋದವಳು ನೇರ ಮಾಲೀಕರ ಕೋಣೆಗೆ ನುಗ್ಗಿದೆ. ಮೇಸ್ತ್ರಿ ಓಡೋಡಿ ಹಿಂದೆ ಬಂದ. ಮಾಲೀಕರು ನನ್ನಷ್ಟೇ ವಯಸ್ಸಾದವರು, ಕಿವಿ ಸ್ವಲ್ಪ ಮಂದ. ನನಗೆ ಅದು ಅನುಕೂಲವೇ ಆಯಿತು, ಕೂಗಾಡಲು ನೆಪ ಸಿಕ್ಕಿತು.

"ನನ್ನ ಮಗ ನಿಮ್ಮಲ್ಲಿ ಯಾವತ್ತಾದ್ರೂ ಕೆಲಸಕ್ಕಿದ್ನಾ ಸಾರ್?"

"ಇಲ್ಲಮ್ಮ."

"ಇಲ್ಲದ ಕೆಲಸ ಅವನು ಹೇಗೆ ಬಿಡ್ತಾನೆ? ನಾನು ಸೇರಿದ್ದು. ಬಿಡೋದಾದ್ರೆ ನಾನು ಬಿಡ್ತೀನಿ. ಬಿಡಲ್ಲ."

"ಅಲ್ಲಮ್ಮ, ಚಿನ್ನದಂಥ ಮಗ. ಹಾಯಾಗಿ ಮನೇಲಿರೋದು ಬಿಟ್ಟು ಯಾಕಮ್ಮ ಒದ್ದಾಡ್ತೀಯ?"

ಮತ್ತೆ ಅದೇ. "ನಿಮಗೆ ಇಷ್ಟೊಂದು ಬಸ್ಸಿದೆ," ಎಂದೆ. "ಇಬ್ಬರು ಮಕ್ಕಳು ವ್ಯವಹಾರ ನೋಡ್ಕೋತಾರೆ. ನೀವ್ಯಾಕೆ ದಿನಾ ಬೆಳಿಗ್ಗೆ ಬಂದು ಈ ಡೀಸೆಲ್ ಹೊಗೆ ಕುಡೀತೀರಿ?"

ಮೇಸ್ತ್ರಿಯ ಜೀವ ಬಾಯಿಗೆ ಬಂದಿತ್ತು. ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯಾಚೆ ನಿಂತಿದ್ದ ತಮ್ಮ ಬಸ್ಸುಗಳನ್ನು ನೋಡಿದರು. ಆಮೇಲೆ ಮೇಸ್ತ್ರಿಗೆ, "ಟೈರಿನವನು ಟೈರಿನಲ್ಲೇ ಇರಲಿ," ಎಂದರು.

ಗೆದ್ದೆ. ಗೆದ್ದವಳಂತೆ ಎದೆಯುಬ್ಬಿಸಿ ನಡೆದೂ ಹೋದೆ. ಆದರೆ ಆ ದಿನ ಕೈಯಲ್ಲಿ ಕೆಲಸ ಕೂರಲಿಲ್ಲ. ಬೋಲ್ಟು ಜಾರುತ್ತಿತ್ತು. ತಟ್ಟೆಗಿಳಿದ ಆ ಕೈಯೇ ಕಣ್ಣ ಮುಂದೆ ಬರುತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನಲ್ಲಿ ಮಗ ನಿಂತಿದ್ದ. ಒಳಗೆ ಬಂದು, ಹಳೇ ಟೈರುಗಳ ರಾಶಿಯ ಮೇಲೆ ನನ್ನ ಪಕ್ಕದಲ್ಲಿ ಕೂತ. ಹಾಕಿದ್ದು ಒಳ್ಳೆಯ ಪ್ಯಾಂಟು. ಕೊಳೆಯಾಗುತ್ತದೆ ಎಂದೆ, ಆಗಲಿ ಎಂದ.

"ಒಂದು ಕೇಳ್ತೀನಿ. ಸುಳ್ಳು ಹೇಳ್ಬಾರ್ದು," ಎಂದ. "ನಾನು ಚಿಕ್ಕವನಿದ್ದಾಗ ಮೈ ಸುಡೋ ಜ್ವರ ಬಂದಿತ್ತು. ಹೋಗ್ಬೇಡ ಅಂತ ಅತ್ತಿದ್ದೆ. ನೀನು ಕೈ ಬಿಡಿಸ್ಕೊಂಡು ಬಂದೆ. ಪಾಪ, ಹೋಗದಿದ್ರೆ ಅಮ್ಮನಿಗೆ ಸಂಬಳ ಸಿಗಲ್ಲ ಅಂತ ಅಂದ್ಕೊಂಡು ನಾನೇ ಸುಮ್ಮನಾದೆ. ಅವತ್ತು ಇಲ್ಲಿ ನಿನಗೆ ನನ್ನ ನೆನಪಾಯ್ತಾ?"

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಇಡೀ ದಿನ ಕಣ್ಣೀರಿಟ್ಟೆ ಕಂದ ಎಂದಿದ್ದರೆ ಅವನು ನನ್ನ ಹೆಗಲಿಗೆ ತಲೆಯಿಡುತ್ತಿದ್ದ, ನಾವಿಬ್ಬರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು.

"ದಾರಿಯುದ್ದಕ್ಕೂ ಆಯ್ತು," ಎಂದೆ. "ಗೇಟು ದಾಟೋವರೆಗೂ ಆಯ್ತು. ಡ್ರಮ್ ಬಿಚ್ಚಿದ ಮೇಲೆ ಇಲ್ಲ. ಸಂಜೆ ಕೈ ತೊಳೆಯೋವಾಗ ಮತ್ತೆ ನೆನಪಾಗಿ, ಬಿದ್ದಂಬೀಳ ಮನೆಗೆ ಓಡಿದೆ."

ನಾನು ಅವನ ಕಡೆ ನೋಡಲಿಲ್ಲ. ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿ, ಅವನಿಗೆ ಹಕ್ಕಿದೆ, ಆದರೆ ಪಾಪ ಅಮ್ಮ ಎಂದು ಮಾತ್ರ ಇನ್ನೊಮ್ಮೆ ಅನ್ನುವುದು ಬೇಡ ಎಂದುಕೊಂಡೆ.

"ನನಗೂ ಹಾಗೇ ಆಗ್ತಿತ್ತು," ಎಂದ ಕೊನೆಗೆ. ದನಿ ಸಣ್ಣಗಿತ್ತು.

"ಏನು ಹಾಗೇ?"

"ಶಾಲೇಲಿ. ಆ ಮಕ್ಕಳು ಬೆನ್ನ ಮೇಲೆ ಹತ್ತಿದ್ರೆ ನನಗೆ ಬೇರೇನೂ ನೆನಪಿರ್ತಿರಲಿಲ್ಲ. ಒಂದು ದಿನ ಇದೇ ಕಂಪನಿ ಬಸ್ಸು ಶಾಲೆ ಮುಂದೆ ಹೋಯ್ತು. ಅಮ್ಮ ಅಲ್ಲಿ ಬಸ್ಸಿನ ಕೆಳಗೆ ನನಗೋಸ್ಕರ ಸಾಯ್ತಿದ್ದಾಳೆ, ನಾನಿಲ್ಲಿ ಆನೆ ಆಟ ಆಡ್ತಾ ಖುಷಿಯಾಗಿದ್ದೀನಲ್ಲ ಅನ್ನಿಸ್ತು. ನಾಚಿಕೆಯಾಯ್ತು ಅಮ್ಮ. ಅದಕ್ಕೇ ಬಿಟ್ಟೆ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನು ಶಾಲೆ ಬಿಟ್ಟದ್ದು ಟೈಗೂ ಅಲ್ಲ, ದುಡ್ಡಿನ ರುಚಿಗೂ ಅಲ್ಲ. ಅತ್ತೆಯ ಬಾಯಿ ಮುಚ್ಚಿಸಲು ನಾನು ಹೇಳಿದ ಒಂದು ಮಾತನ್ನು ಇವನು ತೊಟ್ಟಿಲಿನಿಂದಲೂ ಕೇಳುತ್ತಲೇ ಬೆಳೆದು, ಅದನ್ನೇ ನಂಬಿ, ತನ್ನ ಸಂತೋಷವನ್ನು ಅಪರಾಧ ಎಂದುಕೊಂಡಿದ್ದ. ಅಳು ಬರಬೇಕಿತ್ತು, ನನಗೆ ಯಾವಾಗಲೂ ಬರುವುದು ಸಿಟ್ಟೇ.

"ಖುಷಿಯಾಗಿದ್ದೆ ಅಂತ ಬಿಟ್ಟೆಯಾ? ಕತ್ತೆ! ಖುಷಿಯಾಗಿರೋದಕ್ಕೆ ನಾನು ಮನೇಲಿ ಸುಳ್ಳು ಹೇಳ್ಕೊಂಡು ಬಂದೆ. ನೀನು ಇದ್ದ ಖುಷಿ ಬಿಟ್ಟು ಬಂದ್ಯಾ? ಸೋಮವಾರ ಆ ಶಾಲೆಗೆ ಹೋಗು. ಕಾಲು ಹಿಡೀಬೇಕಾದ್ರೆ ಹಿಡಿ. ಯಾರಾದ್ರೂ ಯಾಕೆ ಅಂತ ಕೇಳಿದ್ರೆ ಇಷ್ಟ ಅನ್ನು. ಒಪ್ಪದಿದ್ರೆ ಇನ್ನೂ ಜೋರಾಗಿ ಅನ್ನು."

ಅವನಿಗೆ ನಗುವೂ ಬರುತ್ತಿತ್ತು, ಕಣ್ಣೂ ತುಂಬಿತ್ತು. ಚಿಕ್ಕವನಿದ್ದಾಗಿನ ಹಾಗೇ ಅಂಗೈಯಲ್ಲಿ ಮೂಗು ಉಜ್ಜಿಕೊಂಡ.

"ಅಲ್ಲಿ ಸಂಬಳ ಏನೂ ಇಲ್ಲಮ್ಮ. ಮನೆ ಹೇಗೆ ನಡೆಯುತ್ತೆ?"

"ನಾನು ದುಡೀತೀನಲ್ಲ."

ಅವನು ಬೆಪ್ಪಾಗಿ ನನ್ನ ಮುಖ ನೋಡಿದ. "ದುಡ್ಡಿಗೋಸ್ಕರ ಅಲ್ಲ ಅಂದ್ಯಲ್ಲ?"

"ಅಲ್ಲ," ಎಂದು ಎದ್ದು, ಸೀರೆ ಕೊಡವಿ, ಸ್ಪ್ಯಾನರ್ ಎತ್ತಿಕೊಂಡೆ. "ಆದ್ರೂ ಕೊಡ್ತಾರಲ್ಲ, ಬೇಡ ಅನ್ನಲಾ?"